'ಕೆಲಸ' ಎನ್ನಬೇಡಿ, 'ಭೇಟಿ' ಎನ್ನಿ

ಒಂದು ಶಬ್ದವನ್ನು ಕಾಗದದ ಮೇಲೆ ಬರೆಯಬೇಡಿರಿ ಎಂದು ತನ್ನ ನೌಕರರಿಗೆ ಲಿಖಿತ ಸೂಚನೆ ಕೊಟ್ಟ ಆಪಾದನೆ ನಮ್ಮ ನಾಡಿನ ಬಹು ದೊಡ್ಡ ಕಂಪನಿಯೊಂದರ ಮೇಲೆ ಬಂದಿತ್ತು. ಆ ಶಬ್ದ ಬೈಗುಳವಲ್ಲ, ರಾಜದ್ರೋಹದ ಘೋಷಣೆಯೂ ಅಲ್ಲ. ಅದು 'ಕೆಲಸ' ಎಂಬ ಶಬ್ದ. ಕಾಯಕದ ಹೆಸರಿನಲ್ಲಿ ವರ್ಷಕ್ಕೊಮ್ಮೆ ಜಯಂತಿ ಮಾಡಿ ಹಾರ ಹಾಕುವ ನಾವು ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಪತ್ರಿಕೆ ಮಡಿಚಿಟ್ಟು, ಚಹಾ ಕುಡಿದು ಸುಮ್ಮನಾದೆವು. ನನ್ನ ತಕರಾರು ಇರುವುದು ಆ ಸುಮ್ಮನಾಗುವಿಕೆಯ ಮೇಲೆ.

ಸಂಗತಿ ಇಷ್ಟು. ೨೦೧೩ರ ಅಕ್ಟೋಬರ್ ೩೦ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಪೂರ್ವ ಜಿಲ್ಲೆಯ ಸರಕಾರಿ ವಕೀಲರು ಇನ್ಫೋಸಿಸ್ ಕಂಪನಿಯೊಡನೆ ಆದ ರಾಜಿಯನ್ನು ಪ್ರಕಟಿಸಿದರು. ಕಂಪನಿ ೩ ಕೋಟಿ ೪೦ ಲಕ್ಷ ಡಾಲರ್ ಕೊಡಲು ಒಪ್ಪಿತ್ತು. ಆಗಿನ ದರದಲ್ಲಿ ೨೦೦ ಕೋಟಿ ರೂಪಾಯಿಗೂ ಮಿಕ್ಕಿದ ಹಣ. ವಲಸೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಅಲ್ಲಿಯ ಸರಕಾರದ ಆಪಾದನೆಯ ಪ್ರಕಾರ ಬಿ-೧ ವೀಸಾದ ಮೇಲೆ ಹೋಗುವ ನೌಕರರಿಗೆ 'ಮಾಡಬೇಕಾದ್ದು, ಮಾಡಬಾರದ್ದು' ಎಂಬ ಒಂದು ಸೂಚನಾಪತ್ರ ಕೊಡಲಾಗಿತ್ತು. ಆಮಂತ್ರಣ ಪತ್ರದಲ್ಲಿ 'ಕೆಲಸ', 'ಚಟುವಟಿಕೆ' ಮುಂತಾದ ಶಬ್ದಗಳು ಬರಕೂಡದು. ವಿನ್ಯಾಸ, ಪರೀಕ್ಷೆ, ಸಲಹೆ ಎಂಬಂಥ, ಕೇಳಿದರೆ ಕೆಲಸದಂತೆ ತೋರುವ ಮಾತುಗಳನ್ನು ಎತ್ತಕೂಡದು. ಕರಾರಿನ ದರದ ಸುದ್ದಿಯನ್ನಂತೂ ತೆಗೆಯಲೇಕೂಡದು. ಇದು ಅದರ ತಾತ್ಪರ್ಯ. ಕಂಪನಿ ಆಪಾದನೆಯನ್ನು ಅಲ್ಲಗಳೆಯಿತು. ವೀಸಾ ವಂಚನೆ ನಡೆದಿಲ್ಲ, ನೌಕರರ ಅರ್ಹತೆಯ ಕಾಗದಪತ್ರಗಳನ್ನು ಇಡುವಲ್ಲಿ ಮಾತ್ರ ತಪ್ಪುಗಳಾಗಿವೆ ಎಂದಿತು. ನ್ಯಾಯಾಲಯದಲ್ಲಿ ಏನೂ ರುಜುವಾತಾಗಲಿಲ್ಲ, ಕ್ರಿಮಿನಲ್ ಖಟ್ಲೆಯೂ ನಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಬಿ-೧ ಎಂದರೆ ವ್ಯವಹಾರದ ಭೇಟಿಗೆ ಕೊಡುವ ವೀಸಾ. ಹೋಗಿ ಸಭೆಯಲ್ಲಿ ಕೂಡ್ರಬಹುದು, ಕರಾರಿನ ಮಾತುಕತೆ ಮಾಡಬಹುದು, ಸಮ್ಮೇಳನ ಕೇಳಬಹುದು. ಅಲ್ಲಿಯ ಗಿರಾಕಿಯ ಕಚೇರಿಯಲ್ಲಿ ಕೂತು ಅಲ್ಲಿಯ ಒಬ್ಬ ನೌಕರ ಮಾಡುವ ಕೆಲಸ ಮಾಡುವಂತಿಲ್ಲ. ಅದಕ್ಕೆ ಎಚ್-೧ಬಿ ಎಂಬ ಬೇರೆ ವೀಸಾ ಇದೆ. ಅದಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಲಾಟರಿ ಇದೆ, ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳವನ್ನೇ ಕೊಡುತ್ತೇನೆಂದು ಧಣಿ ಬರೆದುಕೊಡಬೇಕು. ಬಿ-೧ರ ಅರ್ಜಿಗೆ ಆಗ ೧೬೦ ಡಾಲರ್ ಸಾಕಾಗುತ್ತಿತ್ತು, ಎಚ್-೧ಬಿಗೆ ಸಾವಿರಗಟ್ಟಲೆ. ೨೦೧೦ರಲ್ಲಂತೂ ಅರ್ಧಕ್ಕಿಂತ ಹೆಚ್ಚು ನೌಕರರನ್ನು ಇಂಥ ವೀಸಾಗಳ ಮೇಲೆ ಇಟ್ಟ ಕಂಪನಿಗಳಿಗೆ ಒಂದೊಂದು ಅರ್ಜಿಗೆ ೨,೦೦೦ ಡಾಲರ್ ಹೆಚ್ಚಿನ ಶುಲ್ಕ ಹಾಕಿದರು. ಹೀಗಿರುವಾಗ ಒಂದು ಶಬ್ದ ಬದಲಿಸಿದರೆ ಎಷ್ಟು ಉಳಿತಾಯ, ಎಷ್ಟು ತಿಂಗಳ ಕಾಯುವಿಕೆ ತಪ್ಪಿತು ಎಂದು ಲೆಕ್ಕ ಹಾಕಲು ಯಾವ ಗಣಿತಜ್ಞನೂ ಬೇಕಾಗಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತರಕಾರಿ ಮಾರುವ ಹೆಣ್ಣುಮಗಳೂ ಹಾಕಿಯಾಳು.

ನಮ್ಮವರು ಹೇಳುವುದೇನೆಂದರೆ, ಅದು ಅಮೆರಿಕದವರ ಹೊಟ್ಟೆಕಿಚ್ಚು. ನಮ್ಮ ಹುಡುಗರ ಬುದ್ಧಿ ಕಂಡು ಅವರಿಗೆ ಸಂಕಟ. ಈ ಮಾತನ್ನು ನಾನು ಧಾರವಾಡದ ಸಪ್ತಾಪುರದಲ್ಲಿಯೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೂ ಕೇಳಿದ್ದೇನೆ. ನಮಗೂ ಆ ಕಂಪನಿಗೂ ನಂಟು ಹತ್ತಿರದ್ದು. ಸುಧಾ ಮೂರ್ತಿಯವರು ಇಂಜಿನಿಯರಿಂಗ್ ಓದಿದ್ದು ಇಲ್ಲಿಯ ಭೂಮರಡ್ಡಿ ಕಾಲೇಜಿನಲ್ಲಿ. ವಿಮಾನ ನಿಲ್ದಾಣದ ಬಳಿ ಕಂಪನಿ ಕಟ್ಟಿದ ಆವರಣ ಬಹುಕಾಲ ಖಾಲಿ ಇದ್ದು ೨೦೨೨ರಲ್ಲಿ ಶುರುವಾದಾಗ ಊರಿಗೆ ಊರೇ ಸಂಭ್ರಮಿಸಿತು. ಮನೆಯ ಹಿರಿಮಗನ ಮೇಲೆ ಚಾಡಿ ಬಂದಾಗ ತಾಯಿ ಏನು ಮಾಡುತ್ತಾಳೋ ನಾವೂ ಅದನ್ನೇ ಮಾಡಿದೆವು. ಆದರೆ ಈ ಹೊಟ್ಟೆಕಿಚ್ಚಿನ ಸಿದ್ಧಾಂತ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ರಾಯಭಾರ ಕಚೇರಿಯ ಗಾಜಿನ ಕಿಟಕಿಯ ಮುಂದೆ ನಿಂತು 'ನಾನು ಕೆಲಸಕ್ಕೆ ಹೋಗುತ್ತಿಲ್ಲ' ಎಂದು ಹೇಳಬೇಕಾಗುವುದು ಯಾರು? ಕಂಪನಿಯ ಆಡಳಿತ ಮಂಡಳಿಯಲ್ಲ. ಇಪ್ಪತ್ನಾಲ್ಕು ವರ್ಷದ, ಮೊದಲ ಸಲ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದ, ನವಲಗುಂದವೋ ಕುಂದಗೋಳವೋ ಕಲಘಟಗಿಯೋ ಯಾವುದೋ ಒಂದು ಊರಿನ ಹುಡುಗ. ಸುಳ್ಳು ಹಿಡಿದರೆ ಕಂಪನಿ ರಾಜಿ ಮಾಡಿಕೊಳ್ಳುತ್ತದೆ. ಹುಡುಗನಿಗೆ ರಾಜಿಯ ಸವಲತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ನಿರಾಕರಣೆಯ ದಾಖಲೆ ಬಿದ್ದರೆ ಮುಂದೆ ಯಾವ ದೇಶದ ಅರ್ಜಿ ತುಂಬಿದರೂ 'ಹಿಂದೆ ನಿಮಗೆ ವೀಸಾ ನಿರಾಕರಿಸಲಾಗಿತ್ತೇ?' ಎಂಬ ಅಂಕಣದಲ್ಲಿ 'ಹೌದು' ಎಂದು ಬರೆಯುತ್ತ ಹೋಗಬೇಕು, ಜೀವಮಾನವಿಡೀ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹುಬ್ಬಳ್ಳಿಯಲ್ಲಿ ಇತರರ ಲೆಕ್ಕ ಬರೆದು ಹೊಟ್ಟೆ ಹೊರೆದವನು. ಕರದ ಕಾಗದ ನನ್ನ ಕಸುಬು. ಆದ್ದರಿಂದ ನನಗೆ ವೀಸಾದ ಸುಳ್ಳಿಗಿಂತ ಅದರ ಬೆನ್ನಿಗೆ ಹುಟ್ಟುವ ಕರದ ಸುಳ್ಳು ಹೆಚ್ಚು ಕಣ್ಣಿಗೆ ಬೀಳುತ್ತದೆ. ಇದನ್ನು ತಿಳಿಯಲು ೨೦೧೯ರ ಡಿಸೆಂಬರಿಗೆ ಬರಬೇಕು. ಕ್ಯಾಲಿಫೋರ್ನಿಯಾ ರಾಜ್ಯ ಅದೇ ಕಂಪನಿಯೊಡನೆ ೮ ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ೨೦೦೬ರಿಂದ ೨೦೧೭ರವರೆಗೆ ಸುಮಾರು ೫೦೦ ನೌಕರರು ಬಿ-೧ ವೀಸಾದ ಮೇಲೆ ಅಲ್ಲಿ ಕೆಲಸ ಮಾಡಿದರು, ಅದರಿಂದ ರಾಜ್ಯಕ್ಕೆ ಬರಬೇಕಾದ ವೇತನದ ಕರ ತಪ್ಪಿತು ಎಂಬುದು ಆಪಾದನೆ. ಇಲ್ಲಿಯೂ ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ. ಅದಕ್ಕೂ ಮೊದಲು, ೨೦೧೭ರಲ್ಲಿ, ನ್ಯೂಯಾರ್ಕ್ ರಾಜ್ಯದೊಡನೆ ೧೦ ಲಕ್ಷ ಡಾಲರಿನ ರಾಜಿ ಆಗಿತ್ತು.

ಭೇಟಿಗೂ ಕರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಸರಳ. ಭೇಟಿಗೆ ಬಂದವನಿಗೆ ಆ ರಾಜ್ಯದಲ್ಲಿ ಸಂಬಳವಿಲ್ಲ. ಸಂಬಳವಿಲ್ಲದ ಮೇಲೆ ಸಂಬಳದ ಪಟ್ಟಿ ಇಲ್ಲ. ಪಟ್ಟಿ ಇಲ್ಲದ ಮೇಲೆ ನಿರುದ್ಯೋಗ ವಿಮೆಯ ಕಂತಿಲ್ಲ, ಅಂಗವೈಕಲ್ಯ ವಿಮೆಯ ಕಂತಿಲ್ಲ. ಒಂದು ಶಬ್ದ ಮುಚ್ಚಿದರೆ ಸಾಲಾಗಿ ನಾಲ್ಕು ಬಾಗಿಲು ತಾವಾಗಿಯೇ ಮುಚ್ಚುತ್ತವೆ. ಆ ಬಾಗಿಲುಗಳ ಹಿಂದೆ ಇರುವುದು ಬರಿಯ ಸರಕಾರದ ಬೊಕ್ಕಸವಲ್ಲ. ಹುಡುಗ ಅಲ್ಲಿ ಮೆಟ್ಟಿಲು ಜಾರಿ ಬಿದ್ದು ಕಾಲು ಮುರಿದುಕೊಂಡರೆ ಅವನು ಯಾರ ಆಳು? ಅಲ್ಲಿಯ ಕಾಗದದಲ್ಲಿ ಅವನು ಊರು ನೋಡಲು ಬಂದ ಗೃಹಸ್ಥ. ವೀಸಾದ ನಿಯಮ ಪಾಲಿಸುವುದನ್ನು ನಮ್ಮ ಉದ್ಯಮಿಗಳು 'ಕಾಗದಪತ್ರದ ಕಿರಿಕಿರಿ' ಎನ್ನುವಾಗ ನನಗೆ ಸಿಟ್ಟು ಬರುವುದು ಇದಕ್ಕೆ. ಕಿರಿಕಿರಿ ನಿಜ. ಆದರೆ ಆ ಕಾಗದದ ಮೇಲೆಯೇ ಒಬ್ಬ ಮನುಷ್ಯ ದುಡಿಯುವವನೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ.

ಹಾಗಾದರೆ ಪ್ರಾಮಾಣಿಕವಾಗಿ ಎಚ್-೧ಬಿ ಮೇಲೆ ಹೋದವನು ಸುಖಿಯೇ? ಅವನ ಕಥೆಯನ್ನೂ ಕೇಳಿರಿ. ಅವನ ಸಂಬಳದಲ್ಲಿ ಅಮೆರಿಕ ಸರಕಾರ ವೃದ್ಧಾಪ್ಯದ ನಿಧಿಗೆಂದು ನೂರಕ್ಕೆ ೬.೨, ವೈದ್ಯಕೀಯ ನಿಧಿಗೆಂದು ನೂರಕ್ಕೆ ೧.೪೫ ಮುರಿದುಕೊಳ್ಳುತ್ತದೆ. ಧಣಿಯಿಂದಲೂ ಅಷ್ಟೇ. ಆ ನಿವೃತ್ತಿವೇತನ ಸಿಗಬೇಕಾದರೆ ೪೦ ತ್ರೈಮಾಸಿಕ, ಅಂದರೆ ೧೦ ವರ್ಷ ಕಂತು ಕಟ್ಟಿರಬೇಕು. ಎಚ್-೧ಬಿಯ ಅವಧಿ ಸಾಮಾನ್ಯವಾಗಿ ೬ ವರ್ಷ. ಹಸಿರು ಚೀಟಿಯ ಸರದಿಯಲ್ಲಿ ನಿಂತವರ ಮಾತು ಬೇರೆ. ಆರು ವರ್ಷ ಕಟ್ಟಿ ತಾಯಿ-ತಂದೆಯನ್ನು ನೋಡಿಕೊಳ್ಳಲು ಧಾರವಾಡಕ್ಕೆ ಮರಳಿದವನ ಹಣ ಅಲ್ಲಿಯೇ ಉಳಿಯಿತು. ಜರ್ಮನಿ, ಫ್ರಾನ್ಸ್, ಜಪಾನುಗಳೊಡನೆ ಈ ಬಗ್ಗೆ ನಮಗೆ ಒಪ್ಪಂದವಿದೆ. ಅಮೆರಿಕದೊಡನೆ ಮಾಡಿಕೊಳ್ಳಲು ಎಷ್ಟೋ ವರ್ಷಗಳಿಂದ ಮಾತು ನಡೆದು ಮಾತಾಗಿಯೇ ಉಳಿದಿದೆ.

ಇದಕ್ಕೆ ನಮ್ಮ ಸರಕಾರ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು. ೨೦೦೮ರ ಅಕ್ಟೋಬರ್ ೧ರಂದು ಭವಿಷ್ಯನಿಧಿ ಯೋಜನೆಗೆ ತಿದ್ದುಪಡಿ ತಂದು 'ಅಂತರರಾಷ್ಟ್ರೀಯ ಕಾಮಗಾರ' ಎಂಬ ಹೊಸ ಜಾತಿಯನ್ನು ಹುಟ್ಟಿಸಿದರು. ನಮ್ಮ ದೇಶದ ನೌಕರನಿಗೆ ನಿಧಿಯ ಕಡ್ಡಾಯಕ್ಕೆ ಒಂದು ಸಂಬಳದ ಮಿತಿ ಇದೆ. ೨೦೧೪ರಿಂದ ಅದು ೧೫,೦೦೦ ರೂಪಾಯಿ. ಒಪ್ಪಂದವಿಲ್ಲದ ದೇಶದಿಂದ ಬಂದು ಇಲ್ಲಿ ದುಡಿಯುವವನಿಗೆ ಮಿತಿಯೇ ಇಲ್ಲ. ಪೂರ್ತಿ ಸಂಬಳದ ಮೇಲೆ ನೂರಕ್ಕೆ ೧೨, ಧಣಿಯದು ಮತ್ತೆ ೧೨. ಎರಡು ವರ್ಷಕ್ಕೆ ಬಂದ ಅಧ್ಯಾಪಕನೂ ತನ್ನ ಹಣವನ್ನು ೫೮ ವರ್ಷ ತುಂಬಿದ ಮೇಲೆ ಕೇಳಬೇಕು. ನೀವು ನಮ್ಮವರ ಹಣ ಇಟ್ಟುಕೊಂಡಿರಾ, ನಾವು ನಿಮ್ಮವರ ಹಣ ಇಟ್ಟುಕೊಳ್ಳುತ್ತೇವೆ ಎಂಬ ಧಾಟಿ. ಇಬ್ಬರು ಗೌಡರು ಜಗಳಾಡಿದರೆ ಪೆಟ್ಟು ಎರಡೂ ಊರಿನ ಆಳುಗಳಿಗೆ. ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಶಾಲೆ ಮತ್ತು ಇತರರು ಇದನ್ನು ಪ್ರಶ್ನಿಸಿದರು. ೨೦೨೪ರ ಏಪ್ರಿಲ್ ೨೫ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಈ ಏರ್ಪಾಡು ಸಂವಿಧಾನ ಬಾಹಿರವೆಂದು ತೆಗೆದುಹಾಕಿತು. ೨೦೨೫ರ ನವೆಂಬರಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಅದೇ ಏರ್ಪಾಡನ್ನು ಎತ್ತಿಹಿಡಿಯಿತು. ಒಂದೇ ದೇಶ, ಒಂದೇ ಕಾಯಿದೆ, ಎರಡು ತೀರ್ಪು. ನವನಗರದ ಭವಿಷ್ಯನಿಧಿ ಕಚೇರಿಯ ಮೆಟ್ಟಿಲೇರುವ ಸಣ್ಣ ಕಾರಖಾನೆಯ ಮಾಲಿಕ ಯಾವುದನ್ನು ನಂಬಬೇಕು? ಇಲ್ಲಿ ನನ್ನ ಸಹಾನುಭೂತಿ ಮಾಲಿಕನ ಕಡೆಗೇ ಇದೆ. ನಿಯಮ ಪಾಲಿಸುವವನನ್ನು ಗೊಂದಲಕ್ಕೆ ಕೆಡವುವುದೂ ಒಂದು ರೀತಿಯಲ್ಲಿ ಸುಳ್ಳುಗಾರನನ್ನು ಬೆಳೆಸುವುದೇ.

ಪರದೇಶದವರು ನಮ್ಮೂರಿಗೆ ಬಂದು ದುಡಿಯುವುದು ಹೊಸದೇನೂ ಅಲ್ಲ. ಕಿಟೆಲ್ ಸಾಹೇಬರು ಬಾಸೆಲ್ ಮಿಶನ್ನಿನ ನೌಕರರಾಗಿ ೧೮೫೩ರಲ್ಲಿ ಈ ಕಡೆ ಬಂದರು; ಅವರ ನಿಘಂಟು ಹೊರಬಿದ್ದದ್ದು ೧೮೯೪ರಲ್ಲಿ. ಇಂದಿನ ಅಧಿಕಾರಿಯ ಮುಂದೆ ನಿಂತಿದ್ದರೆ ಅವರು ಏನೆಂದು ಬರೆಸಿಕೊಳ್ಳಬೇಕಿತ್ತೋ! ಧರ್ಮಪ್ರಚಾರಕ್ಕೆ ಬಂದವರು ನಿಘಂಟು ಬರೆದರೆ ಅದು ವೀಸಾದ ಕರಾರಿನ ಉಲ್ಲಂಘನೆ ಆಗುವುದೋ ಇಲ್ಲವೋ ಎಂದು ಚರ್ಚಿಸಲು ಒಂದು ಸಮಿತಿಯೇ ಬೇಕಾಗುತ್ತಿತ್ತು. ಇರಲಿ.

೨೦೧೧ರಲ್ಲಿ ತಾರಿಹಾಳದ ಕೈಗಾರಿಕಾ ವಸಾಹತಿನ ಒಂದು ಕಾರಖಾನೆ ಯುರೋಪಿನ ಒಂದು ದೇಶದಿಂದ ದೊಡ್ಡ ಯಂತ್ರ ತರಿಸಿತು. ಹೆಸರು ಬೇಡ. ಯಂತ್ರದ ಸಂಗಡ ಅದನ್ನು ಕೂಡಿಸಿಕೊಡುವ ಕುಶಲಕರ್ಮಿಯೂ ಬಂದ. ಬಂದದ್ದು ವ್ಯವಹಾರದ ವೀಸಾದ ಮೇಲೆ. ಯಂತ್ರ ಪೂರೈಸುವ ಕರಾರಿನಂತೆ ಅದನ್ನು ಜೋಡಿಸಲು ಬರುವವನಿಗೆ ಉದ್ಯೋಗ ವೀಸಾ ಬೇಕು ಎಂದು ಆಗಿನ ನಿಯಮ ಸ್ಪಷ್ಟವಾಗಿ ಹೇಳುತ್ತಿತ್ತು. ೨೦೦೯ರಲ್ಲಿಯೇ ಕೇಂದ್ರ ಸರಕಾರ, ವ್ಯವಹಾರದ ವೀಸಾದ ಮೇಲೆ ಬಂದು ವಿದ್ಯುತ್ ಯೋಜನೆ ಮೊದಲಾದೆಡೆ ದುಡಿಯುತ್ತಿದ್ದ ಚೀನಾ ದೇಶದ ಕೆಲಸಗಾರರನ್ನೂ ಇತರರನ್ನೂ ಹೊರಟುಹೋಗಲು ಹೇಳಿತ್ತು. ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಾನು ಆ ಕಾರಖಾನೆಯ ಲೆಕ್ಕ ನೋಡುತ್ತಿದ್ದೆ. ಎರಡನೆಯ ತಿಂಗಳಲ್ಲಿಯೇ ಮಾಲಿಕನಿಗೆ ಹೇಳಿದೆ. ಅವನ ಉತ್ತರ ಇಂದಿಗೂ ನೆನಪಿದೆ: "ಅವ ಎಲ್ಲಿ ಕೆಲಸಕ್ಕ ಬಂದಾನ್ರೀ? ಮಶೀನ್ ಕೂಡಸಾಕ ಬಂದಾನ!"

ಮಶೀನ್ ಕೂಡಿಸುವುದು ಎರಡು ತಿಂಗಳಿಗೆ ಮುಗಿಯಲಿಲ್ಲ. ಅಡಿಪಾಯ ಬಿರುಕು ಬಿಟ್ಟಿತು, ಬಿಡಿಭಾಗ ಮುಂಬಯಿಯ ಬಂದರಿನಲ್ಲಿ ಸಿಕ್ಕಿಕೊಂಡಿತು, ನಮ್ಮ ಹುಡುಗರಿಗೆ ತರಬೇತಿ ಕೊಡು ಎಂದು ಅವನನ್ನು ಮತ್ತೆ ಉಳಿಸಿಕೊಂಡರು. ಹೀಗೆ ಏಳು ತಿಂಗಳು. ೧೮೦ ದಿನ ದಾಟಿದವನು ಪೊಲೀಸ್ ಕಚೇರಿಯಲ್ಲಿ ಪರದೇಶೀಯರ ನೋಂದಣಿ ಮಾಡಿಸಬೇಕು; ಮಾಡಿಸಲಿಲ್ಲ. ೧೮೨ ದಿನ ದಾಟಿದವನು ನಮ್ಮ ಕರದ ಕಾಯಿದೆಯ ಕಣ್ಣಿನಲ್ಲಿ ಇಲ್ಲಿಯ ನಿವಾಸಿ. ಸಂಬಳ ಅವನ ಊರಿನ ಬ್ಯಾಂಕಿನಲ್ಲಿ ಬಿದ್ದರೂ ದುಡಿದದ್ದು ಇಲ್ಲಿಯಾದ್ದರಿಂದ ಕರ ಇಲ್ಲಿ. ಪರದೇಶದಲ್ಲಿ ಕೊಟ್ಟ ಸಂಬಳದ ಮೇಲೆಯೂ ಮೂಲದಲ್ಲಿಯೇ ಕರ ಮುರಿಯಬೇಕಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಎಲಿ ಲಿಲ್ಲಿ ಎಂಬ ಕಂಪನಿಯ ಮೊಕದ್ದಮೆಯಲ್ಲಿ ೨೦೦೯ರ ಮಾರ್ಚಿನಲ್ಲಿಯೇ ಹೇಳಿಯಾಗಿತ್ತು. ಅದೂ ಆಗಲಿಲ್ಲ. ಕೊನೆಗೆ ಹೊರಡುವ ದಿನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆ ಮನುಷ್ಯನನ್ನು ತಡೆದರು. ನಿರ್ಗಮನದ ಅನುಮತಿ ತಾ ಎಂದರು. ಎರಡು ವಾರ ಅವನು ಮೆಜೆಸ್ಟಿಕ್ಕಿನ ಲಾಡ್ಜೊಂದರಲ್ಲಿ ಕೂತ. ಮಾಲಿಕ ಹೋಗಲಿಲ್ಲ, ಅವನ ಫೋನು ಆ ಎರಡು ವಾರ ಹತ್ತಲೂ ಇಲ್ಲ. ನಾನು ಕಾಗದದ ಕಟ್ಟು ಹಿಡಿದುಕೊಂಡು ಎರಡು ಸಲ ರಾತ್ರಿ ರೈಲಿನಲ್ಲಿ ಹೋಗಿ ಬಂದೆ. ದಂಡವನ್ನು ಅವನು ತನ್ನ ಜೇಬಿನಿಂದ ಕಟ್ಟಿದ. ನಮ್ಮ ಕಡೆ 'ಪರದೇಶಿ' ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥ. ಆ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಆ ಲಾಡ್ಜಿನ ಕೋಣೆಯಲ್ಲಿ. ಯಂತ್ರ ಮಾತ್ರ ಚೆನ್ನಾಗಿ ನಡೆಯಿತು.

ಅವನನ್ನು ತಡೆದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಆದರೆ ಗಮನಿಸಿರಿ, ಟೆಕ್ಸಾಸಿನ ಆಪಾದನೆಗೂ ತಾರಿಹಾಳದ ಮಾಲಿಕನ ಮಾತಿಗೂ ಎಷ್ಟು ಅಂತರ? ಒಬ್ಬರು ಇಂಗ್ಲೀಷಿನಲ್ಲಿ ಸೂಚನಾಪತ್ರ ಬರೆದರೆಂಬ ಆಪಾದನೆ, ಇನ್ನೊಬ್ಬ ಧಾರವಾಡದ ಕನ್ನಡದಲ್ಲಿ ಬಾಯಿ ಮಾತಿನಲ್ಲಿ ಹೇಳಿದ. ಅಮೆರಿಕದವರಿಗೆ ನಮ್ಮ ಹುಡುಗರ ಮೇಲೆ ಹೊಟ್ಟೆಕಿಚ್ಚು ಎನ್ನುವವರು ಆ ಯುರೋಪಿನ ಕುಶಲಕರ್ಮಿಯ ಮೇಲೆ ನಮಗೆ ಯಾವ ಕಿಚ್ಚಿತ್ತು ಎಂಬುದನ್ನೂ ಹೇಳಬೇಕು.

ನಮ್ಮಲ್ಲಿ ಇನ್ನೊಂದು ಜಾಣತನವಿದೆ. ಉದ್ಯೋಗ ವೀಸಾ ಅಗ್ಗದ ಕೂಲಿಗೆ ಬಳಕೆಯಾಗಬಾರದೆಂದು ವರ್ಷಕ್ಕೆ ಕನಿಷ್ಠ ೨೫,೦೦೦ ಡಾಲರ್ ಸಂಬಳವಿರಬೇಕು ಎಂಬ ನಿಯಮ ತಂದರು. ಅನಂತರ ಅದು ೧೬ ಲಕ್ಷ ೨೫ ಸಾವಿರ ರೂಪಾಯಿ ಎಂದಾಯಿತು. ಅಡಿಗೆಯವರು, ಭಾಷಾ ಶಿಕ್ಷಕರು, ಅನುವಾದಕರು ಮೊದಲಾದವರಿಗೆ ವಿನಾಯಿತಿ. ಮನೆ ಮುಂತಾದ ಸೌಕರ್ಯದ ಬೆಲೆಯನ್ನೂ ಕೂಡಿಸಬಹುದು, ಆದರೆ ಅದನ್ನು ಆದಾಯ ಕರದ ಲೆಕ್ಕದಲ್ಲಿಯೂ ಸಂಬಳವೆಂದೇ ತೋರಿಸಿರಬೇಕು. ಇಲ್ಲಿ ಮಾಲಿಕನ ಸಂಕಟ ಶುರು. ವೀಸಾ ಅಧಿಕಾರಿಯ ಮುಂದೆ ಸಂಬಳ ಉಬ್ಬಬೇಕು, ಕರ ಅಧಿಕಾರಿಯ ಮುಂದೆ ಅದೇ ಸಂಬಳ ಸೊರಗಬೇಕು. ಒಬ್ಬನೇ ಮನುಷ್ಯ ಒಂದು ಕಚೇರಿಯಲ್ಲಿ ಶ್ರೀಮಂತ, ಇನ್ನೊಂದರಲ್ಲಿ ಬಡವ. 'ಎರಡು ಕಾಗದ ಮಾಡ್ರಿ, ಯಾರು ಕೂಡಿಸಿ ನೋಡ್ತಾರ?' ಎಂದು ಕೇಳಿದವರು ನನ್ನ ಕಸುಬಿನ ಆಯುಷ್ಯದಲ್ಲಿ ಒಬ್ಬಿಬ್ಬರಲ್ಲ. ಹಾಗೆ ಮಾಡಿಕೊಡುವ ಸಲಹೆಗಾರರೂ ಊರಲ್ಲಿದ್ದರು, ಇದ್ದಾರೆ; ಅವರ ಮನೆಗಳು ನನ್ನ ಮನೆಗಿಂತ ದೊಡ್ಡವು. ಆದರೆ ಕಾಲ ಬದಲಾಗಿದೆ. ನೋಂದಣಿಯ ಕಾಗದ ಈಗ ಕಂಪ್ಯೂಟರಿನಲ್ಲಿದೆ, ಕರದ ಕಾಗದವೂ ಕಂಪ್ಯೂಟರಿನಲ್ಲಿದೆ. ಇವೆರಡು ಕಂಪ್ಯೂಟರುಗಳು ಒಂದಿಲ್ಲೊಂದು ದಿನ ಪರಸ್ಪರ ಮಾತಾಡುತ್ತವೆ. ಆ ದಿನ ಎರಡೂ ಕಾಗದಗಳ ಕೆಳಗೆ ಇರುವುದು ಆ ನೌಕರನ ಸಹಿ.

ದೊಡ್ಡ ಕಂಪನಿಗಳಲ್ಲಿ ಇದೇ ಆಟ ಹೆಚ್ಚು ನಾಜೂಕಾಗಿ ನಡೆಯುತ್ತದೆ. ಪರದೇಶದ ತಾಯಿ ಕಂಪನಿ ತನ್ನ ನೌಕರನನ್ನು ಇಲ್ಲಿಯ ಮಗಳು ಕಂಪನಿಗೆ ಎರವಲು ಕೊಡುತ್ತದೆ. ಮದುವೆ ಮನೆಗೆ ಪಕ್ಕದ ಮನೆಯ ಹಂಡೆ ತಂದಹಾಗೆ. ವೀಸಾ ಕೇಳುವಾಗ 'ಇವನು ನಮ್ಮ ನೌಕರ' ಎನ್ನಬೇಕು. ಊರಿನಲ್ಲಿರುವ ಅವನ ವಿಮೆ, ನಿವೃತ್ತಿಯ ಹಕ್ಕು ತಪ್ಪಬಾರದೆಂದು 'ಇವನು ಅವರ ನೌಕರ' ಎನ್ನಬೇಕು. ನಿಜವಾದ ಧಣಿ ಯಾರು? ಬೆಂಗಳೂರಿನ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೨೨ರ ಮೇ ೧೯ರಂದು ನ್ಯಾಯಾಲಯ, ಒಪ್ಪಂದದ ಮಾತುಗಳಿಗಿಂತ ಒಳಗಿನ ಸಂಗತಿಯನ್ನು ನೋಡಬೇಕು, ಕೊನೆಗೆ ಅವನು ಮರಳುವುದು ಅಲ್ಲಿಗೇ, ಆದ್ದರಿಂದ ಧಣಿ ಪರದೇಶದ ಕಂಪನಿಯೇ, ಇದು ಜನರನ್ನು ಪೂರೈಸುವ ಸೇವೆ, ಇದಕ್ಕೆ ಸೇವಾ ತೆರಿಗೆ ಕೊಡಬೇಕು ಎಂದಿತು. ಕೂಡಲೇ ಕರದ ಇಲಾಖೆಯವರು ಜಿ.ಎಸ್.ಟಿ. ನೋಟೀಸುಗಳನ್ನು ಮಳೆಗರೆದರು. ಕಣ್ಣು ಮುಚ್ಚಿ ಎಲ್ಲರಿಗೂ ಇದನ್ನು ಅನ್ವಯಿಸಬೇಡಿರೆಂದು ೨೦೨೩ರ ಡಿಸೆಂಬರಿನಲ್ಲಿ ಮೇಲಿನ ಮಂಡಳಿಯೇ ತನ್ನ ಅಧಿಕಾರಿಗಳಿಗೆ ಬುದ್ಧಿ ಹೇಳಬೇಕಾಯಿತು.

ಹೇಗೂ ದೊಡ್ಡವರು ಬದುಕುತ್ತಾರೆ. ಪರದೇಶದ ಶಾಖೆಗಳ ಖರ್ಚಿನ ಮೇಲೆ ಕರ ಬಾಕಿ ಎಂದು ೨೦೨೪ರ ಜುಲೈ ಕೊನೆಗೆ ಇನ್ಫೋಸಿಸ್ಸಿಗೆ ೩೨,೪೦೩ ಕೋಟಿ ರೂಪಾಯಿಯ ನೋಟೀಸಿನ ಸುದ್ದಿ ಬಂತು. ಮರುವರ್ಷ ಜೂನ್ ಹೊತ್ತಿಗೆ ಅದೆಲ್ಲ ಮುಕ್ತಾಯವಾಯಿತು. ನೋಟೀಸೇ ತಪ್ಪಾಗಿದ್ದಿರಬಹುದು, ಅಂಥ ಭೀಮಗಾತ್ರದ ನೋಟೀಸನ್ನು ಒಂದು ವರ್ಷದೊಳಗೆ ಕರಗಿಸಲು ವಕೀಲರ ಪಡೆ ಬೇಕು, ಅವರಲ್ಲಿದೆ. ಇತ್ತ ಊರಿಗೆ ಮರಳಿದ ಹುಡುಗ ಅಮೆರಿಕದ ಬ್ಯಾಂಕಿನಲ್ಲಿ ಬಿಟ್ಟುಬಂದ ಸಣ್ಣ ಉಳಿತಾಯವನ್ನು ಇಲ್ಲಿಯ ಆದಾಯ ಕರದ ವಿವರಣೆಯಲ್ಲಿ ಬರೆಯಲು ಮರೆತರೆ ೨೦೧೫ರ ಕಪ್ಪುಹಣದ ಕಾಯಿದೆ ೧೦ ಲಕ್ಷ ರೂಪಾಯಿ ದಂಡ ಹೇಳುತ್ತಿತ್ತು. ಖಾತೆಯಲ್ಲಿ ಇದ್ದದ್ದು ದಂಡಕ್ಕಿಂತ ಕಡಿಮೆಯಾದರೂ ಸರಿಯೇ. ೨೦ ಲಕ್ಷದವರೆಗಿನ ಚರ ಆಸ್ತಿಗೆ ಈ ದಂಡ ಬೇಡವೆಂದು ಸರಕಾರಕ್ಕೆ ಹೊಳೆದದ್ದು ೨೦೨೪ರಲ್ಲಿ.

ಕಾಯಿದೆಯೂ ಮೊದಲು ಹಿಡಿಯುವುದು ಕೆಳಗಿನವನ ಕೊರಳಪಟ್ಟಿಯನ್ನೇ. ೧೯೪೬ರ ಪರದೇಶೀಯರ ಕಾಯಿದೆ ಮೊದಲಾದ ನಾಲ್ಕು ಹಳೆಯ ಕಾಯಿದೆಗಳನ್ನು ತೆಗೆದು, ವಲಸೆ ಮತ್ತು ಪರದೇಶೀಯರ ಹೊಸ ಕಾಯಿದೆ ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿದೆ. ವೀಸಾದ ಕರಾರು ಮುರಿದ ಪರದೇಶಿಗೆ ೩ ವರ್ಷದವರೆಗೆ ಸಜೆ, ಅಥವಾ ೩ ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮುರಿದವನ ಶಿಕ್ಷೆ ಇಷ್ಟು ಸ್ಪಷ್ಟವಾಗಿದೆ. ಮುರಿಸಿದವನ ಹೆಸರು ಊರಿನ ಬಾಯಲ್ಲಿ ಬರುವುದೇ ಇಲ್ಲ.

ಇದನ್ನು ಬರಿಯ ಕಂಪ್ಯೂಟರ್ ಕಲಿತವರ ಸಮಸ್ಯೆ ಎಂದು ತಿಳಿಯಬೇಡಿರಿ. ಕಲಬುರ್ಗಿ ಜಿಲ್ಲೆಯ ಯುವಕರಿಗೆ ಭದ್ರತಾ ಸಹಾಯಕರ ನೌಕರಿ ಎಂದು ಹೇಳಿ ರಷ್ಯಾಕ್ಕೆ ಕಳಿಸಿದವರು ಕೊನೆಗೆ ಅವರನ್ನು ನಿಲ್ಲಿಸಿದ್ದು ಉಕ್ರೇನಿನ ಯುದ್ಧಭೂಮಿಯಲ್ಲಿ. ೨೦೨೪ರ ಸೆಪ್ಟೆಂಬರಿನಲ್ಲಿ ಅವರು ಜೀವಸಹಿತ ಮರಳಿದರು, ದೊಡ್ಡದು. ಅದು ಅಪರಾಧ, ಕಂಪನಿಗಳದು ಕಾಗದದ ವ್ಯವಹಾರ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ ಎಂದು ನನ್ನ ಸ್ನೇಹಿತರೊಬ್ಬರು ಗದರಿದರು. ತೂಗುತ್ತಿಲ್ಲ. ಆದರೆ ಎರಡೂ ಕಡೆ ಕಾಗದದ ಮೇಲೆ ಇದ್ದ ಮಾತು ಒಂದು, ಮಾಡಿಸಿದ್ದು ಇನ್ನೊಂದು. ಮೇಲಿನ ಅಂತಸ್ತಿನಲ್ಲಿ ಇದನ್ನು ನಾವು ಜಾಣತನವೆಂದು ಒಪ್ಪಿಕೊಂಡಿದ್ದೇವೆ. ಕೆಳಗಿನ ಅಂತಸ್ತಿಗೆ ಅದು ಇಳಿದಾಗ ಗಾಬರಿಯಾಗುತ್ತೇವೆ.

ಈಗ ಇದನ್ನೆಲ್ಲ ಏಕೆ ಕೆದರುತ್ತಿದ್ದೇನೆ? ೨೦೨೫ರ ಸೆಪ್ಟೆಂಬರ್ ೧೯ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೊಸ ಎಚ್-೧ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಎರಡು ಸಾವಿರ ಡಾಲರಿನ ದಿನಗಳಲ್ಲಿಯೇ 'ಭೇಟಿ' ಎಂಬ ಶಬ್ದಕ್ಕೆ ಅಷ್ಟು ಬೆಲೆ ಬಂದಿದ್ದರೆ, ಲಕ್ಷ ಡಾಲರಿನ ದಿನಗಳಲ್ಲಿ ಎಷ್ಟು ಬರಬಹುದು! ಟ್ರಂಪ್ ಮಾಡಿದ್ದು ಅನ್ಯಾಯವೆಂದು ನಾನೂ ಒಪ್ಪುತ್ತೇನೆ. ಆ ಅನ್ಯಾಯವನ್ನು ನಮ್ಮ ಮಕ್ಕಳ ಬಾಯಿಂದ ಸುಳ್ಳು ಹೇಳಿಸಿ ದಾಟುವುದನ್ನು ಒಪ್ಪುವುದಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಹೊರಗೆ ಕಳಿಸುವ ಪ್ರತಿ ನೌಕರನ ಕೈಯಲ್ಲಿ ಕನ್ನಡದಲ್ಲಿ ಒಂದು ಪುಟದ ಪತ್ರ ಇರಲಿ: ನೀನು ಯಾವ ವೀಸಾದ ಮೇಲೆ ಹೋಗುತ್ತಿದ್ದೀ, ಅಲ್ಲಿ ಏನು ಮಾಡುವೆ, ಯಾರು ಸಂಬಳ ಕೊಡುವರು, ಯಾವ ದೇಶದಲ್ಲಿ ಎಷ್ಟು ಕರ ಮುರಿಯುವರು, ತಪ್ಪಾದರೆ ದಂಡ ಯಾರದು. ಕೆಳಗೆ ಕಂಪನಿಯ ಜವಾಬ್ದಾರ ಅಧಿಕಾರಿಯ ಸಹಿ, ಹೆಸರು ಸಹಿತ. ಹೊರಗಿನಿಂದ ಬಂದವನಿಗೆ ಅವನ ಭಾಷೆಯಲ್ಲಿ ಅಂಥದೇ ಪತ್ರ. ೧೯೨೮ರಿಂದ ಹುಬ್ಬಳ್ಳಿಯಲ್ಲಿರುವ ವಾಣಿಜ್ಯೋದ್ಯಮ ಸಂಸ್ಥೆ ಕರ ಇಳಿಸಿರೆಂದು ಮನವಿ ಕೊಡುವಾಗ, ಇಂಥ ಪತ್ರದ ಒಂದು ಮಾದರಿಯನ್ನೂ ಅಚ್ಚು ಹಾಕಿಸಿ ತನ್ನ ಸದಸ್ಯರಿಗೆ ಹಂಚಲಿ. ಇಂಜಿನಿಯರಿಂಗ್ ಕಾಲೇಜಿನವರು ಕೊನೆಯ ವರ್ಷದ ಹುಡುಗರಿಗೆ ಸಂದರ್ಶನಕ್ಕೆ ಟೈ ಕಟ್ಟಿಕೊಳ್ಳುವುದನ್ನು ಕಲಿಸುತ್ತಾರೆ. ವೀಸಾದ ಅರ್ಜಿ ಓದುವುದಕ್ಕೂ ಒಂದು ತಾಸು ಕೊಡಲಿ. ಸಹಿ ಮಾಡಲು ಹೆದರುವ ಕಂಪನಿ ಏಕೆ ಹೆದರುತ್ತದೆ ಎಂಬುದು ಆಗ ಆ ಹುಡುಗರಿಗೇ ಗೊತ್ತಾಗುತ್ತದೆ.

ಕಳೆದ ವರ್ಷ ನಮ್ಮ ಓಣಿಯ ಒಬ್ಬ ಹುಡುಗಿ ಆಮಂತ್ರಣ ಪತ್ರ ಹಿಡಿದುಕೊಂಡು ಬಂದಳು. ಮೂರು ತಿಂಗಳ 'ವ್ಯವಹಾರ ಚರ್ಚೆ'ಗೆ ಹೋಗುವುದಿತ್ತು. ಅಲ್ಲಿ ನಿನ್ನ ದಿನಚರಿ ಏನು ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತರಿಂದ ಗಿರಾಕಿಯ ಕಚೇರಿಯಲ್ಲಿ ಕೂತು ಇಲ್ಲಿ ಮಾಡುವುದನ್ನೇ ಅಲ್ಲಿ ಮಾಡುವುದು ಎಂದಳು. ಹಾಗಾದರೆ ಇದನ್ನೇ ಬರೆದು ನಿನ್ನ ಮೇಲಧಿಕಾರಿಗೆ ಕಳಿಸು, ಈ ವೀಸಾದಲ್ಲಿ ಇದು ನಡೆಯುತ್ತದೆ ಎಂದು ಲಿಖಿತ ಉತ್ತರ ಕೇಳು ಎಂದೆ. ಕೇಳಿದಳು. ಉತ್ತರ ಬರಲಿಲ್ಲ. ಎರಡು ವಾರದ ಮೇಲೆ ಪ್ರವಾಸ ಮುಂದಕ್ಕೆ ಹೋಗಿದೆ ಎಂಬ ಸಂದೇಶ ಬಂತು, ಅದೂ ಫೋನಿನಲ್ಲಿ. ಹುಡುಗಿ ನೌಕರಿಯಲ್ಲಿ ಇದ್ದಾಳೆ, ಈಗಲೂ ಬಂದು ಮಾತಾಡಿಸುತ್ತಾಳೆ. ಅವಳ ತಾಯಿ ಮಾತ್ರ, ಓಣಿಗೆಲ್ಲ ಹಂಚಲು ಪೇಢೆಗೆ ಹೇಳಿಟ್ಟಿದ್ದವರು, ಸಂಜೆ ಎದುರಾದರೆ ಸೆರಗು ಸರಿಮಾಡಿಕೊಂಡು ರಸ್ತೆಯ ಆ ಬದಿಗೆ ದಾಟಿಬಿಡುತ್ತಾರೆ.